ಬಿಡದೇ ಉಳಿಸಿಕೊಂಡ ಟಾರ್ಪಿಡೋ

ನೌಕಾಪಡೆಯಲ್ಲಿದ್ದಾಗ ಕೆಲವು ಕಾಲ ಹೊಸ ಅಧಿಕಾರಿಗಳಿಗೆ ಪಾಠ ಹೇಳುವ ಕೆಲಸ ನನ್ನದಾಗಿತ್ತು. ಮೊದಲ ದಿನವೇ ಒಂದು ಪ್ರಶ್ನೆ ಕೇಳುತ್ತಿದ್ದೆ. ಡಿಸ್ಟ್ರಾಯರ್ ಎಂಬ ವೇಗದ ಯುದ್ಧಹಡಗಿನ ಟಾರ್ಪಿಡೋಗೆ, ಅಂದರೆ ನೀರೊಳಗೆ ಸಾಗಿ ಗುರಿಗೆ ಬಡಿದು ಸಿಡಿಯುವ ಅಸ್ತ್ರಕ್ಕೆ, ಬಲ ಜಾಸ್ತಿ ಇರುವುದು ಯಾವಾಗ? ಗುರಿಗೆ ಬಡಿದಾಗ ಎನ್ನುತ್ತಿದ್ದರು ಹುಡುಗರು. ಎಷ್ಟೋ ಸಲ ಅದು ಕೊಳವೆಯೊಳಗೆ ಸುಮ್ನೆ ಕೂತಿದ್ದಾಗ, ಎನ್ನುತ್ತಿದ್ದೆ ನಾನು. ಆಮೇಲೆ ಎರಡನೇ ಮಹಾಯುದ್ಧದಲ್ಲಿದ್ದ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ರಾಬರ್ಟ್ ಶೆರ್ಬ್ರೂಕ್ ಅವರ ಕಥೆ ಹೇಳುತ್ತಿದ್ದೆ.

1940ರ ಏಪ್ರಿಲ್‌ನಲ್ಲಿ ನಾರ್ವೆಯ ನಾರ್ವಿಕ್ ಕಾಳಗದಲ್ಲಿ ಅವರು 'ಕೊಸಾಕ್' ಡಿಸ್ಟ್ರಾಯರ್ ನಡೆಸಿದ್ದರು. ಹಡಗು ಏಟು ತಿಂದು ನೆಲಕ್ಕೆ ಹತ್ತಿತ್ತು. ಆದರೂ ಅದನ್ನು ಹೊರತಂದರು. ಅವರ ನಿಜವಾದ ಪರೀಕ್ಷೆ ನಡೆದದ್ದು ಮಾತ್ರ 1942ರ ಡಿಸೆಂಬರ್ 31ರಂದು, ನಾರ್ವೆ, ರಷ್ಯಾಗಳ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದಲ್ಲಿ.

14 ಸರಕು ಹಡಗುಗಳು ರಷ್ಯಾಕ್ಕೆ ಹೊರಟಿದ್ದವು. ಒಳಗೆ 202 ಟ್ಯಾಂಕ್, 2,000ಕ್ಕೂ ಹೆಚ್ಚು ವಾಹನ, 120 ವಿಮಾನ. ಕಾವಲಿನ ಮುಖ್ಯಸ್ಥರು 'ಆನ್ಸ್ಲೋ' ಎಂಬ ಡಿಸ್ಟ್ರಾಯರ್ ಹಡಗಿನಲ್ಲಿದ್ದ ಶೆರ್ಬ್ರೂಕ್. ಬಿರುಗಾಳಿಯಲ್ಲಿ ಒಂದು ಡಿಸ್ಟ್ರಾಯರ್ ತಪ್ಪಿಹೋಗಿ ಐದು ಉಳಿದಿದ್ದವು. ಚಳಿಗಾಲದಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ, ಹಗಲೆಂದರೆ ಕೆಲವು ಗಂಟೆಯ ಮಬ್ಬು ಬೆಳಕು ಅಷ್ಟೆ. ಫಿರಂಗಿ, ಕಂಬಿ ಎಲ್ಲದರ ಮೇಲೂ ಮಂಜುಗಡ್ಡೆ. ಕುಟ್ಟಿ ಉದುರಿಸದಿದ್ದರೆ ಮೇಲ್ಭಾಗದ ಭಾರ ಹೆಚ್ಚಿ ಹಡಗು ಮಗುಚಬಹುದು.

ಬೆಳಿಗ್ಗೆ ಎರಡು ಅಪರಿಚಿತ ಹಡಗುಗಳನ್ನು ಮೊದಲು ಕಂಡದ್ದು 'ಹೈದರಾಬಾದ್' ಎಂಬ ಕಾರ್ವೆಟ್, ಅಂದರೆ ಪುಟ್ಟ ಕಾವಲು ಹಡಗು. ನಮ್ಮ ಹೈದರಾಬಾದಿನ ಹೆಸರೇ. ರಷ್ಯನ್ನರಿರಬೇಕು ಅಂದುಕೊಂಡು ಯಾರಿಗೂ ತಿಳಿಸಲಿಲ್ಲ. ನಾನೂ ರಾತ್ರಿ ಕಾವಲು ನಿಂತವನು. ಅರೆಗತ್ತಲಲ್ಲಿ ಕಂಡದ್ದು ನಮ್ಮವರೇ ಅಂತ ದಣಿದ ಮನಸ್ಸು ಬೇಗ ಒಪ್ಪಿಬಿಡುತ್ತದೆ.

ಬಂದದ್ದು ಜರ್ಮನ್ನರು. ಉತ್ತರದಿಂದ 'ಹಿಪ್ಪರ್' ಎಂಬ ಭಾರೀ ಕ್ರೂಸರ್ (ಡಿಸ್ಟ್ರಾಯರ್‌ಗಿಂತ ದೊಡ್ಡ ಯುದ್ಧಹಡಗು), ದಕ್ಷಿಣದಿಂದ 'ಲುಟ್ಸೋ' ಎಂಬ ಇನ್ನೊಂದು ದೊಡ್ಡ ಯುದ್ಧಹಡಗು, ಜೊತೆಗೆ ಆರು ಡಿಸ್ಟ್ರಾಯರ್. ಹಿಪ್ಪರ್‌ನ ಒಂದೊಂದು ಗುಂಡೂ ಸುಮಾರು 120 ಕೆ.ಜಿ. ಆನ್ಸ್ಲೋನದು ಬರೀ 23 ಕೆ.ಜಿ. ಫಿರಂಗಿಗೆ ಫಿರಂಗಿ ಅಂತ ನಿಂತಿದ್ದರೆ ಅರ್ಧ ಗಂಟೆಯ ಮಾತು.

ಶೆರ್ಬ್ರೂಕ್ ಹಿಪ್ಪರ್ ಕಡೆಗೇ ನುಗ್ಗಿದರು. ಈಗ ಟಾರ್ಪಿಡೋ ಬಿಡುತ್ತಾರೆ ಅನ್ನುವ ಹಾಗೆ ತಿರುಗುವರು, ಬಿಡುತ್ತಿರಲಿಲ್ಲ. ಬಿಟ್ಟಿದ್ದರೆ ಕೊಳವೆ ಖಾಲಿ. ಸಮುದ್ರದ ಮಧ್ಯೆ ಮತ್ತೆ ತುಂಬಲು ಬೇರೆ ಟಾರ್ಪಿಡೋ ಇರಲಿಲ್ಲ. ಖಾಲಿ ಡಿಸ್ಟ್ರಾಯರ್‌ಗೆ ಯಾರು ಹೆದರುತ್ತಾರೆ? ಜರ್ಮನ್ ಅಡ್ಮಿರಲ್ ಕುಮ್ಮೆಟ್ಸ್‌ಗೆ ದೊಡ್ಡ ಹಡಗುಗಳನ್ನು ಅಪಾಯಕ್ಕೆ ಒಡ್ಡಬೇಡಿ ಎಂಬ ಆದೇಶವಿತ್ತು. ಹಾಗಾಗಿ ಹಿಪ್ಪರ್ ಪ್ರತಿ ಸಲವೂ ಮುಖ ತಿರುಗಿಸಿ ದೂರ ಸರಿಯಿತು. ಹಡಗು ತಿರುಗಿತೆಂದರೆ ಫಿರಂಗಿಯ ಲೆಕ್ಕವೆಲ್ಲ ತಪ್ಪುತ್ತದೆ. ದೂರ, ದಿಕ್ಕು ಮತ್ತೆ ಮೊದಲಿಂದ ಹಿಡಿಯಬೇಕು. ಆ ಹೊತ್ತಿನಲ್ಲಿ ಸರಕು ಹಡಗುಗಳು ಹೊಗೆಯ ಮರೆಯಲ್ಲಿ ಜಾರಿಕೊಳ್ಳುತ್ತಿದ್ದವು.

10:20ರ ಸುಮಾರಿಗೆ ಆನ್ಸ್ಲೋಗೆ ಗುಂಡು ಬಿತ್ತು. ಮುಂದಿನ ಎರಡೂ ಫಿರಂಗಿ ಹೋದವು, ಬೆಂಕಿ ಹತ್ತಿತು. ಚೂರೊಂದು ಶೆರ್ಬ್ರೂಕ್ ಅವರ ಮುಖಕ್ಕೆ ಬಡಿದು ಎಡಗಣ್ಣು ಕೆನ್ನೆಯ ಮೇಲೆ ಜೋತುಬಿತ್ತು. ಅವರು ಬ್ರಿಡ್ಜ್, ಅಂದರೆ ಹಡಗು ನಡೆಸುವ ಮೇಲ್ಕಟ್ಟೆ, ಬಿಡಲಿಲ್ಲ. ಹಡಗಿಗೆ ಮತ್ತೆ ಏಟು ಬಿದ್ದು ಹಿಂದೆ ಸರಿಯಲೇಬೇಕಾಯಿತು. ಆಗ 'ಒಬೀಡಿಯೆಂಟ್' ಡಿಸ್ಟ್ರಾಯರ್ ನಡೆಸುತ್ತಿದ್ದ ಕಿನ್ಲೋಕ್ ಹೊಣೆ ಹೊತ್ತರೆಂದು ಖಾತ್ರಿಯಾದ ಮೇಲೆಯೇ ಕೆಳಗಿಳಿದರು. ಡಾಕ್ಟರ ಮುಂದೆ ಮಲಗಿದ್ದಾಗಲೂ ಕಾಳಗದ ಸುದ್ದಿಯೆಲ್ಲ ತಮಗೆ ಬರುತ್ತಿರಲಿ ಎಂದರು. ಕಿನ್ಲೋಕ್ ಕೂಡ ಅದೇ ಆಟ ಮುಂದುವರಿಸಿದರು. ಕೊನೆಗೆ ಬ್ರಿಟಿಷ್ ಕ್ರೂಸರ್‌ಗಳು ಬಂದವು, ಜರ್ಮನ್ನರು ಹಿಂದಿರುಗಿದರು.

ಸರಕು ಹಡಗು ಒಂದೂ ಮುಳುಗಲಿಲ್ಲ. ಹಿಟ್ಲರ್ ಸಿಟ್ಟಿಗೆದ್ದು ದೊಡ್ಡ ಹಡಗುಗಳನ್ನೆಲ್ಲ ಗುಜರಿಗೆ ಹಾಕಿ ಎಂದ, ನೌಕಾ ಮುಖ್ಯಸ್ಥ ರೇಡರ್ ರಾಜೀನಾಮೆ ಕೊಟ್ಟ. ಶೆರ್ಬ್ರೂಕ್ ಅವರಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಎಡಗಣ್ಣಿನ ನೋಟ ಹೋಯಿತು.

ಪಾಠದಲ್ಲಿ ನಾನು ಎಂದೂ ಬಿಡದ ಹೆಸರು ಇನ್ನೊಂದಿದೆ. 'ಅಕೇಟಿಸ್'. ಹೊಗೆ ಪರದೆ ಹಾಸಿದ್ದು ಈ ಹಳೆಯ ಡಿಸ್ಟ್ರಾಯರ್. ಪರದೆ ಹಾಸುವ ಹಡಗಿಗೆ ಮಾತ್ರ ಆ ಪರದೆಯ ಮರೆ ಸಿಗುವುದಿಲ್ಲ, ಅಲ್ವಾ? ಅದರ ಕ್ಯಾಪ್ಟನ್ ಬ್ರಿಡ್ಜ್ ಮೇಲೆಯೇ ಸತ್ತರು. ಕಿರಿಯ ಅಧಿಕಾರಿ ಪೇಟನ್-ಜೋನ್ಸ್ ಹೊಣೆ ಹೊತ್ತು, ವಾಲುತ್ತಿದ್ದ ಹಡಗಿನಿಂದ ಹೊಗೆ ಬಿಡುತ್ತಲೇ ಇದ್ದರು. ಮಧ್ಯಾಹ್ನ ಒಂದು ದಾಟಿದ ಮೇಲೆ ಅಕೇಟಿಸ್ ಮಗುಚಿತು. 113 ಮಂದಿ ಹೋದರು. 'ನಾರ್ದರ್ನ್ ಜೆಮ್' ಎಂಬ ಮೀನುದೋಣಿ ಮಾದರಿಯ ಪುಟ್ಟ ಹಡಗು ಕತ್ತಲಲ್ಲಿ ಹತ್ತಿರ ಬಂದು, ಆ ಕೊರೆಯುವ ನೀರಿನಿಂದ 81 ಜನರನ್ನು ಮೇಲೆಳೆದುಕೊಂಡಿತು.