ಸುರಂಗಕ್ಕಾಗಿ ನೆಲವನ್ನು ಹೆಪ್ಪುಗಟ್ಟಿಸುವುದು: ಅಧ್ಯಯನ ಟಿಪ್ಪಣಿ

ನೀರು ತುಂಬಿದ ಮರಳಿನಲ್ಲಿ ಸುರಂಗ ತೋಡಹೊರಟರೆ ಮಣ್ಣು ನೀರಿನ ಜೊತೆಗೇ ಒಳನುಗ್ಗುತ್ತದೆ. ಆ ನೀರನ್ನೇ ಮಂಜುಗಡ್ಡೆ ಮಾಡಿದರೆ ಅದು ಕಣಗಳನ್ನು ಬಿಗಿಹಿಡಿಯುತ್ತದೆ, ಹರಿವನ್ನೂ ತಡೆಯುತ್ತದೆ. ಜರ್ಮನಿಯ ಪೋಟ್ಷ್ 1883ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಗಣಿಬಾವಿಗಳಿಗಾಗಿ. ಈಗ ಮೆಟ್ರೊದ ಜೋಡಿ ಸುರಂಗಗಳನ್ನು ಸೇರಿಸುವ ಅಡ್ಡದಾರಿ ತೋಡುವಾಗಲೂ ಬಳಸುತ್ತಾರೆ.

ತೋಡುವ ಜಾಗದ ಸುತ್ತ ಸುಮಾರು 1 ಮೀಟರ್‌ಗೊಂದರಂತೆ ತುದಿ ಮುಚ್ಚಿದ ಉಕ್ಕಿನ ಪೈಪ್ ಇಳಿಸುತ್ತಾರೆ. ಅದರೊಳಗೊಂದು ಸಣ್ಣ ಪೈಪ್. −25ರಿಂದ −35 ಡಿಗ್ರಿಯ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ, ಅಂದರೆ ಬ್ರೈನ್, ಒಳಪೈಪಿನಲ್ಲಿ ತುದಿಯವರೆಗೆ ಹೋಗಿ, ಎರಡರ ನಡುವಿನ ಸಂದಿಯಲ್ಲಿ ಮಣ್ಣಿನ ಶಾಖ ಹೀರುತ್ತ ವಾಪಸಾಗುತ್ತದೆ. ಪ್ರತಿ ಪೈಪಿನ ಸುತ್ತ ಹೆಪ್ಪುಗಟ್ಟಿದ ಕಂಬ ಬೆಳೆದು, ಪಕ್ಕದ ಕಂಬಕ್ಕೆ ಕೂಡಿಕೊಂಡಾಗ ಗೋಡೆಯಾಗುತ್ತದೆ.

ಇದಕ್ಕೆ ವಾರಗಳೇ ಏಕೆ ಬೇಕು? ಲೆಕ್ಕ ಹಾಕಿ ನೋಡಿ. ಶೇ 40ರಷ್ಟು ರಂಧ್ರವಿರುವ 1 ಘನ ಮೀಟರ್ ಮಣ್ಣಿನಲ್ಲಿ 400 ಕೆ.ಜಿ. ನೀರಿದೆ. ಕೆ.ಜಿ.ಗೆ 334 ಕಿಲೋಜೂಲ್ ಗುಪ್ತೋಷ್ಣ, ಅಂದರೆ ಸೊನ್ನೆ ಡಿಗ್ರಿಯ ನೀರು ಮಂಜುಗಡ್ಡೆಯಾಗಲು ಹೊರತೆಗೆಯಬೇಕಾದ ಶಾಖ. ಒಟ್ಟು ಸುಮಾರು 134 ಮೆಗಾಜೂಲ್. ಮಣ್ಣನ್ನು 20 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಇದರ ಅರ್ಧವೂ ಬೇಡ. −196 ಡಿಗ್ರಿಯ ದ್ರವ ಸಾರಜನಕವಾದರೆ ಕೆಲವೇ ದಿನ ಸಾಕು. ಆದರೆ ಖರ್ಚು ಹೆಚ್ಚು, ಸೋರಿದ ಅನಿಲ ಸುರಂಗದ ಆಮ್ಲಜನಕವನ್ನು ಹೊರದೂಡುತ್ತದೆ; ಆಮ್ಲಜನಕ ಮಾಪಕವಿಲ್ಲದೆ ಒಳಗಿಳಿಯಲೇಬಾರದು.

ಪರೀಕ್ಷೆಗೆ ಓದುವವರು ಹೆಪ್ಪುಗಟ್ಟಿದ ಮಣ್ಣಿನ ಬಲದ ಸೂತ್ರಗಳನ್ನೇ ಉರುಹೊಡೆಯುತ್ತಾರೆ. ನಿಜವಾದ ಅಪಾಯವಿರುವುದು ಗೋಡೆ ಕೂಡಿಕೊಳ್ಳದ ಕಿಂಡಿಯಲ್ಲಿ. 30 ಮೀಟರ್ ಉದ್ದದ ಎರಡು ಪೈಪುಗಳು ತಲಾ ಶೇ 1ರಷ್ಟು ಒಂದರಿಂದೊಂದು ದೂರ ಸರಿಯುವಂತೆ ಓರೆಯಾದರೆ ತುದಿಯಲ್ಲಿ 1 ಮೀಟರ್ ಅಂತರ 1.6 ಮೀಟರ್ ಆಗುತ್ತದೆ. ಕೂಡಿಕೊಳ್ಳುವ ಸಮಯ ಹೆಚ್ಚುಕಡಿಮೆ ಅಂತರದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅಲ್ಲಿ ಎರಡೂವರೆ ಪಟ್ಟು ಕಾಯಬೇಕು. ಆದ್ದರಿಂದ ಪ್ರತಿ ರಂಧ್ರದ ಓರೆಯನ್ನೂ ಅಳೆದು, ಅಂತರ ಮೀರಿದಲ್ಲಿ ಇನ್ನೊಂದು ಪೈಪ್ ಹಾಕಬೇಕು. ಅಂತರ್ಜಲ ದಿನಕ್ಕೆ 1–2 ಮೀಟರ್‌ಗಿಂತ ವೇಗವಾಗಿ ಹರಿಯುತ್ತಿದ್ದರೆ ಬ್ರೈನ್ ಎಷ್ಟು ಓಡಿಸಿದರೂ ಕಿಂಡಿ ಮುಚ್ಚದೇ ಉಳಿಯಬಹುದು. ಬ್ರೈನ್ ಸೋರಿದರೂ ಅಷ್ಟೇ: ಉಪ್ಪು ಬೆರೆತ ಮಣ್ಣು ಸೊನ್ನೆಯಲ್ಲಿ ಹೆಪ್ಪುಗಟ್ಟದು. ಅದಕ್ಕೇ ಪೈಪುಗಳಿಗೆ ಮೊದಲೇ ಒತ್ತಡ ಪರೀಕ್ಷೆ.

ಗೋಡೆ ಮುಚ್ಚಿಕೊಂಡಿತೇ ಎಂದು ತಿಳಿಯಲು ತಾಪಮಾನದ ಸೆನ್ಸರ್ ಒಂದನ್ನೇ ನಂಬಬೇಡಿ. ಗೋಡೆ ಸುತ್ತುವರಿದ ಒಳಗಿನ ಮಣ್ಣಿಗೆ ಇಳಿಸಿದ ಕೊಳವೆಯ ನೀರಿನ ಒತ್ತಡ ಏರತೊಡಗಿದರೆ ಅದು ಒಳ್ಳೆಯ ಸೂಚನೆ; ಹೆಪ್ಪುಗಟ್ಟುತ್ತ ಹಿಗ್ಗುವ ನೀರಿಗೆ ಹೊರದಾರಿ ಇಲ್ಲವಾಗಿದೆ ಎಂದರ್ಥ. 2003ರ ಜುಲೈನಲ್ಲಿ ಶಾಂಘೈ ಮೆಟ್ರೊದ 4ನೇ ಮಾರ್ಗದಲ್ಲಿ ಹೀಗೆ ಹೆಪ್ಪುಗಟ್ಟಿಸಿ ತೋಡುತ್ತಿದ್ದ ಅಡ್ಡದಾರಿಗೆ ನೀರು, ಮರಳು ನುಗ್ಗಿ ಸುರಂಗದ ಜೊತೆ ಮೇಲಿನ ಕಟ್ಟಡಗಳೂ ಕುಸಿದವು.

ಹೂಳುಮಣ್ಣು ಹೆಪ್ಪುಗಟ್ಟುವಾಗ ಸುತ್ತಲಿನ ನೀರನ್ನೂ ಎಳೆದುಕೊಂಡು ಮಂಜುಗಡ್ಡೆಯ ಪದರ ಕಟ್ಟುವುದರಿಂದ ನೆಲ ಉಬ್ಬುತ್ತದೆ; ಒರಟು ಮರಳಿನಲ್ಲಿ ಈ ಕಾಟ ಕಡಿಮೆ. ಕರಗುವಾಗ ಅದೇ ನೆಲ ಕುಗ್ಗುತ್ತದೆ. ಹಾಗಾಗಿ ಲೈನಿಂಗ್, ಅಂದರೆ ಸುರಂಗದ ಒಳಗೋಡೆ, ಕಟ್ಟುವಾಗಲೇ ಗ್ರೌಟ್ (ಸಿಮೆಂಟ್ ಗಾರೆ) ನಳಿಕೆಗಳನ್ನು ಬಿಟ್ಟುಕೊಂಡು, ಮಣ್ಣು ಕರಗುತ್ತಿದ್ದಂತೆ ಸ್ವಲ್ಪಸ್ವಲ್ಪವೇ ತುಂಬಿಸುತ್ತ, ಮೇಲಿನ ನೆಲಮಟ್ಟ ಸ್ಥಿರವಾಗುವವರೆಗೆ ಅಳತೆ ಮುಂದುವರಿಸಬೇಕು.