ಹಿನ್ನೀರು: ಯಾವುದರ ಹಿಂದೆ?

ಅಮೆರಿಕದ ಮಿಸಿಸಿಪಿ ನದಿಯ ಮೇಲ್ಭಾಗದಲ್ಲಿ ಪ್ರತಿ ಚಳಿಗಾಲ ಹಿನ್ನೀರಿನ ಸ್ಥಿತಿ ಅಳೆಯುತ್ತಾರೆ. ಇದರ ಬಗ್ಗೆ ಕನ್ನಡದಲ್ಲಿ ಬರೆಯುವವರು ‘ಹಿನ್ನೀರು’ ಅಂದ ಕೂಡಲೇ ಪಕ್ಕದಲ್ಲಿ ‘ಅಂದರೆ ಜಲಾಶಯದ ನೀರು’ ಅಂತ ಸೇರಿಸಿಬಿಡುತ್ತಾರೆ. ಜೊತೆಗೊಂದು ದೊಡ್ಡ ಡ್ಯಾಮಿನ ಫೋಟೊ. ಅಲ್ಲಿ ಅಳೆಯುವ ನೀರು ಅದಲ್ಲವೇ ಅಲ್ಲ.

ಪದದೊಳಗೆ ಅಣೆಕಟ್ಟು ಎಲ್ಲಿದೆ? ಹಿನ್ನೆಲೆ, ಹಿನ್ನಡೆ, ಹಿನ್ನೋಟಗಳಲ್ಲಿರುವ ಅದೇ ‘ಹಿನ್’, ಅದರ ಜೊತೆ ನೀರು. ಅಷ್ಟೇ. ಯಾವುದರ ಹಿಂದೆ ಅನ್ನುವುದನ್ನು ಪದ ಹೇಳುವುದಿಲ್ಲ, ಕೇಳಿದವರು ತುಂಬಿಕೊಳ್ಳುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಮುಗಿದ ಮೇಲೆ ಮಲೆನಾಡಿನವರಿಗೆ ಹಿನ್ನೀರು ಅಂದರೆ ಮುಳುಗಿದ ಊರು, ದಾಟಬೇಕಾದ ಲಾಂಚು. ಕಬಿನಿಯ ಕಡೆ ಹಿನ್ನೀರು ಅಂದರೆ ಬೇಸಿಗೆಯಲ್ಲಿ ನೀರು ಇಳಿದು, ಹುಲ್ಲು ಚಿಗುರಿ, ಆನೆಗಳು ಬಂದು ಸೇರುವ ಜಾಗ. ಎರಡರಲ್ಲೂ ‘ಹಿಂದೆ’ ಅಂದರೆ ಕಟ್ಟೆಯ ಹಿಂದೆ. ಆದರೆ ಅದೇ ನಾವು ವೆಂಬನಾಡನ್ನೂ ಕೇರಳದ ಹಿನ್ನೀರು ಅನ್ನುತ್ತೇವಲ್ಲ, ಅಲ್ಲಿ ಯಾವ ಡ್ಯಾಮಿನ ಹಿಂದೆ? ಅಲ್ಲಿರುವುದು ಕಡಲ ದಂಡೆಯ ಹಿಂದೆ ನಿಂತ ನೀರು. ಅದನ್ನು ಯಾರೂ ಜಲಾಶಯ ಅನ್ನುವುದಿಲ್ಲ. ಮಿಸಿಸಿಪಿ ಅಂದಾಗ ಮಾತ್ರ ಅನ್ನುತ್ತಾರೆ.

ನದಿಯ ಜೀವಿಗಳನ್ನು ಓದುವವರ ‘ಹಿನ್ನೀರು’ ಮೂರನೆಯದು. ಇಲ್ಲಿ ‘ಹಿಂದೆ’ ಅಂದರೆ ಮುಖ್ಯ ಹರಿವಿನಿಂದ ಹಿಂದೆ, ಮಗ್ಗುಲಿಗೆ. ದ್ವೀಪಗಳ ಮರೆಯ ಕೆರೆಗಳು, ಬಾಯಿ ಅರ್ಧ ಮುಚ್ಚಿಹೋದ ಹಳೆಯ ಕವಲುಗಳು, ಸೆಳವು ಸುಳಿಯದ ತಗ್ಗುಗಳು. ನದಿಗೆ ಸೇರಿದ್ದೂ ಹೌದು, ನದಿಯಂತೆ ಹರಿಯುವುದಿಲ್ಲ ಅನ್ನುವುದೂ ಹೌದು.

ಹಾಗಾದರೆ ಮಿಸಿಸಿಪಿಯಲ್ಲಿ ಡ್ಯಾಮ್ ಇಲ್ಲವಾ? ಬೇಕಾದಷ್ಟಿವೆ, ಹೆಚ್ಚಿನವು 1930ರ ದಶಕದವು. ಆದರೆ ಅವು ಪ್ರವಾಹ ತಡೆಯಲೋ ನೀರು ಕೂಡಿಡಲೋ ಕಟ್ಟಿದ್ದಲ್ಲ. ಸರಕು ಸಾಗಿಸುವ ಬಾರ್ಜುಗಳಿಗೆ 9 ಅಡಿ ಆಳ ಸಿಗಲಿ ಅಂತ ನದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿದ ಕಟ್ಟೆಗಳು. ಎರಡು ಕಟ್ಟೆಗಳ ನಡುವಿನ ಒಂದೊಂದು ತುಂಡನ್ನೂ ಅವರು ಪೂಲ್ ಅಂತ ಕರೆದು ನಂಬರು ಕೊಟ್ಟಿದ್ದಾರೆ. ಪೂಲಿನ ಕೆಳತುದಿ, ಅಂದರೆ ಕಟ್ಟೆಗೆ ತಾಗಿದ ಭಾಗ, ನಮ್ಮ ಜಲಾಶಯದಂತೆ ಬಯಲು ನೀರು. ಮೇಲೆ ಮೇಲೆ ಹೋದಂತೆ ದ್ವೀಪ, ಕವಲು, ಮಗ್ಗುಲ ಕೆರೆಗಳು ಶುರುವಾಗುತ್ತವೆ. 5ನೇ ಪೂಲಿನ ಫಿಂಗರ್ ಲೇಕ್ಸ್ ಅನ್ನುವ ಹಿನ್ನೀರು ಕೆರೆಗಳಂತೂ 4ನೇ ಕಟ್ಟೆಯ ಏರಿಯ ಕೆಳಗೇ ಇವೆ. ಹಿನ್ನೀರು ಡ್ಯಾಮಿನ ಮುಂದಿದೆ! ‘ಜಲಾಶಯದ ನೀರು’ ಅಂದವರು ಇದನ್ನು ಹೇಗೆ ವಿವರಿಸುತ್ತಾರೋ ನೋಡಬೇಕು.

ಇನ್ನು ಚಳಿಗಾಲದಲ್ಲೇ ಯಾಕೆ ಅಳೆಯುವುದು? ನಿಂತ ನೀರು ಕೆಟ್ಟದ್ದು, ಹರಿಯುವುದೇ ಒಳ್ಳೆಯದು ಅನ್ನುವ ನಮ್ಮ ನಂಬಿಕೆ ಅಲ್ಲಿ ಅರ್ಧ ಮಾತ್ರ ನಿಜ. ಮುಖ್ಯ ಹರಿವಿನಲ್ಲಿ ಆಕ್ಸಿಜನ್ ಧಾರಾಳ, ಆದರೆ ನೀರು ಹೆಚ್ಚುಕಡಿಮೆ 0 ಡಿಗ್ರಿ, ಮೇಲೆ ಸೆಳವು ಬೇರೆ. ಬ್ಲೂಗಿಲ್, ಕ್ರ್ಯಾಪಿ, ಬಾಸ್ ಮೀನುಗಳು ಆ ಚಳಿಯಲ್ಲಿ ಸೆಳವಿನ ಎದುರು ಈಜುತ್ತಾ ನಿಲ್ಲಲಾರವು. ಹಿನ್ನೀರಿಗೆ ಬಂದು ಸೇರುತ್ತವೆ. ನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ. ಹಾಗಾಗಿ ಕಲಕದೆ ನಿಂತ ಕೆರೆಯಲ್ಲಿ ಮಂಜುಗಡ್ಡೆಯ ಕೆಳಗೆ, ತಳದ ಹತ್ತಿರ, ಸ್ವಲ್ಪ ಬೆಚ್ಚನೆಯ ನೀರು ಉಳಿಯುತ್ತದೆ.

ಆದರೆ ತಳದಲ್ಲೇ ಕೊಳೆಯುವ ಎಲೆ, ಕಳೆ ಇದ್ದು ಅವು ಆಕ್ಸಿಜನ್ ತಿಂದುಹಾಕುತ್ತವೆ. ಮಂಜುಗಡ್ಡೆಯ ಮೇಲೆ ದಪ್ಪ ಹಿಮ ಬಿದ್ದರೆ ಬೆಳಕೂ ಇಳಿಯುವುದಿಲ್ಲ, ನೀರೊಳಗಿನ ಗಿಡ, ಪಾಚಿಗಳು ಹೊಸ ಆಕ್ಸಿಜನ್ ಮಾಡುವುದಿಲ್ಲ. ನದಿಯಿಂದ ಹೊಸ ನೀರು ಬಿಟ್ಟರೆ ಆಕ್ಸಿಜನ್ ಬರುತ್ತದೆ, ಜೊತೆಗೆ ಚಳಿಯೂ ಸೆಳವೂ ಬರುತ್ತವೆ. ಬಿಡದಿದ್ದರೆ ಬೆಚ್ಚಗಿರುತ್ತದೆ, ಉಸಿರು ಕಟ್ಟುತ್ತದೆ. ಫಿಂಗರ್ ಲೇಕ್ಸಿನಲ್ಲಿ ಏರಿಯೊಳಗೆ ಪೈಪು ಹಾಕಿ, ಗೇಟಿಟ್ಟು, ಬೇಕಾದಷ್ಟೇ ನೀರು ಬಿಡುವ ಏರ್ಪಾಡು ಮಾಡಿದ್ದು ಇದಕ್ಕೇ. ಕಟ್ಟೆ ಬಂದ ಮೇಲೆ ಹಿನ್ನೀರುಗಳಲ್ಲಿ ಹೂಳು ಕೂತು ಆಳ ಕಡಿಮೆಯಾಗಿದೆ. ಆಳವಿಲ್ಲದ ಕಡೆ ಗಡ್ಡೆಯ ಕೆಳಗೆ ಉಳಿಯುವ ನೀರೇ ಕಮ್ಮಿ.

ಅಳೆಯುವ ಕೆಲಸ ಸರಳ. ಮಂಜುಗಡ್ಡೆಗೆ ತೂತು ಕೊರೆಯುತ್ತಾರೆ. ಗಡ್ಡೆಯ ದಪ್ಪ, ಹಿಮದ ದಪ್ಪ, ನೀರಿನ ಆಳ, ಉಷ್ಣತೆ, ಕರಗಿದ ಆಕ್ಸಿಜನ್, ಸೆಳವು ನೋಡುತ್ತಾರೆ. 1986ರ ಕಾಯ್ದೆಯೊಂದರಿಂದ ಶುರುವಾದ ದೀರ್ಘಕಾಲದ ನಿಗಾ ಯೋಜನೆಯಲ್ಲಿ ಜಾಗಗಳನ್ನು ಕುರುಡಾಗಿ ಆರಿಸುತ್ತಾರೆ, ಮೀನುಗಾರರಿಗೆ ಇಷ್ಟವಾದ ಜಾಗವನ್ನೇ ನೋಡಿ ‘ನದಿ ಚೆನ್ನಾಗಿದೆ’ ಅಂದುಬಿಡಬಾರದು ಅಂತ. ಮೀನುಗಳಿಗೆ ರೇಡಿಯೋ ಟ್ಯಾಗ್ ಕಟ್ಟಿ ನೋಡಿದಾಗ ಬ್ಲೂಗಿಲ್, ಕ್ರ್ಯಾಪಿಗಳು 1 ಡಿಗ್ರಿಗಿಂತ ತಣ್ಣಗಿನ ನೀರನ್ನೂ, ಸೆಕೆಂಡಿಗೆ 1 ಸೆಂಟಿಮೀಟರಿಗಿಂತ ಜಾಸ್ತಿ ಸೆಳವನ್ನೂ, ಲೀಟರಿಗೆ 2 ಮಿಲಿಗ್ರಾಂಗಿಂತ ಕಡಿಮೆ ಆಕ್ಸಿಜನ್ ಇರುವ ಜಾಗವನ್ನೂ ತಪ್ಪಿಸಿದವು. ಸೆಕೆಂಡಿಗೆ 1 ಸೆಂಟಿಮೀಟರ್ ಅಂದರೆ ದಡದಲ್ಲಿ ನಿಂತವರ ಕಣ್ಣಿಗೆ ಅದು ಹರಿವೇ ಅಲ್ಲ.

ಇಲ್ಲೇ ಇನ್ನೊಂದು ಕಿರಿಕಿರಿ: ‘ಹಿನ್ನೀರಿನ ಸರಾಸರಿ ಆಕ್ಸಿಜನ್ ಸಾಕಷ್ಟಿದೆ’ ಅನ್ನುವ ಸಾಲು. ಮೇಲ್ಪದರದಲ್ಲಿ ಆಕ್ಸಿಜನ್ ಇದ್ದು ಚಳಿ ಇರಬಹುದು, ತಳದಲ್ಲಿ ಬೆಚ್ಚಗಿದ್ದು ಆಕ್ಸಿಜನ್ ಇಲ್ಲದಿರಬಹುದು. ಎರಡನ್ನೂ ಕೂಡಿಸಿ ಭಾಗಿಸಿದರೆ ಕಾಗದದ ಮೇಲೆ ಒಳ್ಳೆಯ ಕೆರೆ, ಒಳಗೆ ಮೀನಿಗೆ ನಿಲ್ಲಲು ಜಾಗವಿಲ್ಲ. ಆಕ್ಸಿಜನ್, ಬೆಚ್ಚಗಿನ ನೀರು, ಸೆಳವಿಲ್ಲದ ಆಳ, ಮೂರೂ ಒಂದೇ ಕಡೆ, ಒಂದೇ ಹೊತ್ತಿಗೆ ಸಿಗಬೇಕು. ಹಾಗೆ ಸಿಗುವ ನೀರು ಎಷ್ಟು ಎಕರೆ ಅಂತ ಹೇಳಿದರೆ ಅದು ಅಳತೆ.