ಮಾಗೆಲೋನೆ ಹಾಡು ಕೇಳಲು ಕಥೆ ಗೊತ್ತಿರಲೇಬೇಕಾ?

ಪ್ರಶ್ನೆ: ಜರ್ಮನ್ ಸಂಗೀತ ರಚನಕಾರ ಬ್ರಾಮ್ಸ್ ಅವರ ‘ಮಾಗೆಲೋನೆ’ ಹಾಡುಗಳನ್ನು ಪೂರ್ತಿ ಕೇಳಿದೆ. 15 ಹಾಡು, ಹತ್ತಿರ ಹತ್ತಿರ ಒಂದು ಗಂಟೆ. ಸಂಗೀತ ಇಷ್ಟವಾಯಿತು. ಆದರೆ ಯಾರು ಯಾರಿಗೆ ಹಾಡುತ್ತಿದ್ದಾರೆ ಅಂತಲೇ ತಿಳಿಯಲಿಲ್ಲ. ಕಥೆ ಓದಿಕೊಂಡೇ ಕೇಳಬೇಕಾ?

ಉತ್ತರ: ಪೂರ್ತಿ ಓದಬೇಕಾಗಿಲ್ಲ. ಆದರೆ ಒಂದು ಕಾಗೆಯ ವಿಷಯ ಗೊತ್ತಿರಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ನಿಮಗೆ ಗೊಂದಲವಾದದ್ದು ಸಹಜ. ಇನ್ನೊಬ್ಬ ರಚನಕಾರ ಶೂಬರ್ಟ್‌ನ ಗಿರಣಿ ಹುಡುಗನ ಹಾಡುಗಳಲ್ಲಿ ಕಥೆ ಹಾಡಿನ ಒಳಗೇ ಸಾಗುತ್ತದೆ. ಇಲ್ಲಿ ಹಾಗಲ್ಲ. ಓಟ, ಕಾದಾಟ, ಕಳವು ಎಲ್ಲ ನಡೆಯುವುದು ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ. ಕಥೆ ನಿಂತು ಯಾರಾದರೂ ಮನಸ್ಸು ತೋಡಿಕೊಂಡರೆ ಮಾತ್ರ ಅದು ಹಾಡು.

ಇದಕ್ಕೆ ಕಾರಣ ಜರ್ಮನ್ ಲೇಖಕ ಲುಡ್ವಿಗ್ ಟೀಕ್. ಮಧ್ಯಯುಗದ ಫ್ರಾನ್ಸಿನ ಒಂದು ವೀರಪ್ರೇಮದ ಕಥೆಯನ್ನು ಅವರು 1797ರಲ್ಲಿ ಜರ್ಮನ್‌ನಲ್ಲಿ ಹೊಸದಾಗಿ ಹೇಳಿದರು. ಗದ್ಯದ ನಡುವೆ ಅಲ್ಲಲ್ಲಿ ಕವನ ಸೇರಿಸಿದರು. ಬ್ರಾಮ್ಸ್ ಆ ಗದ್ಯವನ್ನು ಬಿಟ್ಟು, ಬರೀ ಕವನಗಳನ್ನು ಎತ್ತಿಕೊಂಡರು. ಈ ಪುಸ್ತಕ ಅವರಿಗೆ ಹುಡುಗನಾಗಿದ್ದಾಗಿನಿಂದಲೇ ಗೊತ್ತಿತ್ತು. ಹಾಡು ಬರೆಯಲು ಶುರು ಮಾಡಿದ್ದು 1861ರಲ್ಲಿ, ಕೊನೆಯ ಕಂತು ಅಚ್ಚಾದದ್ದು 1869ರಲ್ಲಿ. ಅರ್ಪಣೆ ಗಾಯಕ ಯೂಲಿಯಸ್ ಸ್ಟಾಕ್‌ಹೌಸನ್ ಅವರಿಗೆ.

ಕಥೆ ಇಷ್ಟು. ಪ್ರೊವಾನ್ಸ್ ಸೀಮೆಯ ಪೀಟರ್ ಅಮ್ಮ ಕೊಟ್ಟ ಮೂರು ಉಂಗುರ ಹಿಡಿದು ದೇಶ ಸುತ್ತಲು ಹೊರಡುತ್ತಾನೆ. ‘ಹೋಗಿ ಬಾ’ ಅಂತ ಹುರಿದುಂಬಿಸುವ ಹಾಡುಗಾರನದೇ ಮೊದಲ ಹಾಡು. ಪಿಯಾನೋದಲ್ಲಿ ಕುದುರೆ ಓಡುವುದು ಕೇಳಿಸುತ್ತದೆ. ನೇಪಲ್ಸ್‌ನಲ್ಲಿ ಪೀಟರ್ ಪಂದ್ಯ ಗೆಲ್ಲುತ್ತಾನೆ, ರಾಜಕುಮಾರಿ ಮಾಗೆಲೋನೆಗೆ ಮನಸೋಲುತ್ತಾನೆ. ಅವಳಿಗೆ ಬೇರೆ ಕಡೆ ಮದುವೆ ನಿಶ್ಚಯವಾಗುತ್ತಿದೆ ಅಂದಾಗ ಇಬ್ಬರೂ ಓಡಿಹೋಗುತ್ತಾರೆ.

ಈಗ ಕಾಗೆ. ಸರಿಯಾಗಿ ಹೇಳಬೇಕೆಂದರೆ ಕಾಡುಕಾಗೆ, ನಮ್ಮ ಊರಿನದಕ್ಕಿಂತ ದೊಡ್ಡದು. ದಾರಿಯಲ್ಲಿ ದಣಿದ ಮಾಗೆಲೋನೆ ಮರದ ನೆರಳಲ್ಲಿ ಮಲಗುತ್ತಾಳೆ. ಪೀಟರ್ ಜೋಗುಳ ಹಾಡುತ್ತಾನೆ. ಇದು 9ನೇ ಹಾಡು. ಇಡೀ ಗುಚ್ಛದಲ್ಲಿ ಜಾಸ್ತಿ ಜನರಿಗೆ ಗೊತ್ತಿರುವುದು ಇದೇ. ಅಷ್ಟರಲ್ಲಿ ಹಕ್ಕಿ ಬಂದು ಉಂಗುರ ಸುತ್ತಿದ್ದ ಕೆಂಪು ಬಟ್ಟೆಯನ್ನು ಕಚ್ಚಿಕೊಂಡು ಹಾರುತ್ತದೆ, ನೀರಿಗೆ ಬೀಳಿಸುತ್ತದೆ. ಅದನ್ನು ತರಲು ಪೀಟರ್ ಹಳೆಯ ದೋಣಿ ಹತ್ತುತ್ತಾನೆ. ಗಾಳಿ ಅವನನ್ನು ಕಡಲಿಗೆ ಎಳೆದೊಯ್ಯುತ್ತದೆ. 10ನೇ ಹಾಡು ಶುರುವಾದಾಗ ಸುತ್ತ ಬರೀ ಅಲೆ. ಇದು ಗೊತ್ತಿಲ್ಲದಿದ್ದರೆ ಜೋಗುಳ ಮುಗಿದ ಕೂಡಲೇ ಈ ಅಬ್ಬರ ಯಾಕೆ ಅನಿಸುತ್ತದೆ, ಅಲ್ವಾ?

ಅಂದಹಾಗೆ, ಹಳೆಯ ಕಥೆಯಲ್ಲಿ ಆ ಉಂಗುರಗಳು ಕೊನೆಗೆ ಸಿಗುವುದು ಮೀನಿನ ಹೊಟ್ಟೆಯಲ್ಲಿ. ಶಕುಂತಲೆ ನೆನಪಾದಳು ತಾನೆ? ಬ್ರಾಮ್ಸ್ ಹಾಡುಗಳಲ್ಲಿ ಆ ಮೀನೂ ಇಲ್ಲ, ಕಾಗೆಯೂ ಇಲ್ಲ.

ಮತ್ತೆ, ‘ಯಾರು ಹಾಡುತ್ತಿದ್ದಾರೆ’ ಎಂಬ ಮಾತು. ಹಾಡುವವರು ಒಬ್ಬರೇ ಆದರೂ ಪಾತ್ರ ನಾಲ್ಕು. 1ನೆಯದು ಹಾಡುಗಾರನದು. 11ನೆಯದು ಒಂಟಿಯಾಗಿ ಉಳಿದ ಮಾಗೆಲೋನೆಯದು. 13ನೆಯದು ಪೀಟರ್ ಸೆರೆಯಾದ ಊರಿನ ಸುಲ್ತಾನನ ಮಗಳು ಸುಲೀಮಾಳದು. ಅವಳು ಅವನನ್ನು ಕರೆಯುತ್ತಿದ್ದಾಳೆ, ಅವನು ದೋಣಿ ಹತ್ತಿ ತಪ್ಪಿಸಿಕೊಳ್ಳುತ್ತಿದ್ದಾನೆ. ಪಾಪ, ಅವಳು. ಉಳಿದವು ಹೆಚ್ಚುಕಡಿಮೆ ಪೀಟರ್‌ನವೇ. ಕೊನೆಯದು ಇಬ್ಬರೂ ಮತ್ತೆ ಸೇರಿದ ಮೇಲಿನ ಹಾಡು.

ಕೆಲವು ಕಛೇರಿಗಳಲ್ಲಿ ಹಾಡುಗಳ ನಡುವೆ ಕಥೆಯನ್ನು ಓದಿ ಹೇಳುತ್ತಾರೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಪಿಯಾನೋ ಆಗತಾನೆ ಕಟ್ಟಿದ ಮೌನವನ್ನು ಮಾತು ಬಂದು ಒಡೆಯುತ್ತದೆ. ಇಲ್ಲಿ ಪಿಯಾನೋ ಸುಮ್ನೆ ಪಕ್ಕವಾದ್ಯವಲ್ಲ, ಹಾಡುವವರಿಗೆ ಸರಿಸಮ. ಅದಕ್ಕೇ ನಾನು ಇದನ್ನು ಇಬ್ಬರ ಚೇಂಬರ್ ಸಂಗೀತ (ಕೆಲವೇ ಜನ ಸರಿಸಮವಾಗಿ ಸೇರಿ ನುಡಿಸುವ ಸಂಗೀತ) ಅಂತಲೇ ಕೇಳುತ್ತೇನೆ. ಫಿಷರ್-ಡೀಸ್ಕಾವ್ ಹಾಡಿ, ಸ್ವಿಯಾತೊಸ್ಲಾವ್ ರಿಕ್ಟರ್ ಪಿಯಾನೋ ನುಡಿಸಿದ ಧ್ವನಿಮುದ್ರಣ ಸಿಕ್ಕರೆ 9 ಮತ್ತು 10ನೇ ಹಾಡನ್ನು ಬೆನ್ನುಬೆನ್ನಿಗೆ ಹಾಕಿ ಕೇಳಿ. ಕಾಗೆ ಎಲ್ಲಿ ಬಂತು ಅಂತ ಈಗ ನಿಮಗೆ ಗೊತ್ತು.